ಬುಟ್ಟಿ ಯಾರ ಮೇಲೆ ಕವುಚೋದು?

ಹೆಂಡತಿ: ಮತ್ತೆ ಆ ಬೂದಿ ಕೋಳಿನೇ ಎತ್ತಿಕೊಂಡ್ರಾ? ಇಳಿಸ್ರೀ ಕೆಳಗೆ!

ಗಂಡ: ರಕ್ತ ಬರ್ತಾ ಇದೆ ಕಣೇ. ಬೆನ್ನ ಮೇಲೆ ಒಂದು ಪುಕ್ಕ ಉಳಿಸಿಲ್ಲ ಆ ಕೆಂಪಿ. ಬುಟ್ಟಿ ಕೊಡು, ಇದನ್ನ ಒಳಗೆ ತಗೊಂಡು ಹೋಗಿ ಮುಚ್ಚಿಡ್ತೀನಿ.

ಹೆಂಡತಿ: ಕುಕ್ಕಿದ್ದು ಯಾರು?

ಗಂಡ: ಕೆಂಪಿ.

ಹೆಂಡತಿ: ಬುಟ್ಟಿಗೆ ಹೋಗ್ತಿರೋದು ಯಾರು?

ಗಂಡ: ಬೂದಿ.

ಹೆಂಡತಿ: ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!

(ಹಿತ್ತಲು ಅಂದರೆ ಒಂದು ನಲ್ಲಿ, ಬಟ್ಟೆ ಒಣಹಾಕುವ ತಂತಿ, ಬಾಗಿಲು ಕಿತ್ತ ಹಳೆಯ ಬೀರುವಿಗೆ ಜಾಲರಿ ಹೊಡೆದು ಮಾಡಿದ ಕೋಳಿಗೂಡು. ಇರುವುದು ನಾಲ್ಕೇ ಕೋಳಿ. ಆದರೆ ಅಲ್ಲಿನ ದರ್ಬಾರು ನೋಡಿದರೆ ನಾಲ್ಕು ರಾಜ್ಯ ಇದ್ದ ಹಾಗಿದೆ. ಗಂಡ ಟ್ರಾಫಿಕ್ ಪೊಲೀಸ್. ವೃತ್ತದಲ್ಲಿ ನಿಂತು ಕೈ ಎತ್ತಿದರೆ ತುಂಬಿದ ಲಾರಿ ನಿಲ್ಲುತ್ತದೆ. ಮನೆಯಲ್ಲಿ ಅದೇ ಕೈ ತಲೆ ಕೆರೆದುಕೊಳ್ಳುವುದಕ್ಕೆ ಮಾತ್ರ ಏಳುತ್ತದೆ. ಹೆಂಡತಿ ಬಟ್ಟೆ ಹೊಲಿಯುವವಳು. ಸೂಜಿಗೆ ದಾರ ಪೋಣಿಸುವ ಹೊತ್ತು ಬಿಟ್ಟರೆ ಸುಮ್ಮನಿರುವವಳಲ್ಲ.)

ಗಂಡ: ನೀನು ಒಂದು ಅರ್ಥ ಮಾಡ್ಕೋ. ರಸ್ತೇಲಿ ಗಲಾಟೆ ಆದ್ರೆ ನಾವು ಮೊದಲು ದಾರಿ ಬದಲಾಯಿಸ್ತೀವಿ. ಅದಕ್ಕೆ ಡೈವರ್ಷನ್ ಅಂತಾರೆ.

ಹೆಂಡತಿ: ಲಾರಿಯವನು ಸೈಕಲ್‌ನವನಿಗೆ ಗುದ್ದಿದ್ರೆ?

ಗಂಡ: ಲಾರಿ ಹಿಡೀತೀವಿ.

ಹೆಂಡತಿ: ಇಲ್ಲಿ ಮಾತ್ರ ಲಾರಿಗೆ ಸಲಾಮ್ ಹೊಡೆದು ಸೈಕಲ್‌ನವನನ್ನ ಎತ್ತಾಕ್ಕೊಂಡು ಹೋಗ್ತಿದ್ದೀರಲ್ಲ!

ಗಂಡ: ಕೆಂಪಿ ದಿನಾ ಮೊಟ್ಟೆ ಇಡುತ್ತೆ. ಬುಟ್ಟಿಗೆ ಹಾಕಿದ್ರೆ ಬೇಜಾರಾಗಿ ನಿಲ್ಲಿಸಿಬಿಟ್ರೆ? ಅಕ್ಕನಿಗೆ ಬೆಳಗ್ಗೆ ಎದ್ದ ತಕ್ಷಣ ಮೊಟ್ಟೆ ಬೇಕು.

ಹೆಂಡತಿ: ಬಂತು ನೋಡಿ! ನಿಮ್ಮಕ್ಕನಿಗೆ ಮೊಟ್ಟೆ ಬೇಕು, ಬೂದಿ ಒಳಗಡೆ. ನಿಮ್ಮಕ್ಕನಿಗೆ ಸದ್ದಾದ್ರೆ ನಿದ್ದೆ ಬರಲ್ಲ, ನನ್ನ ಹೊಲಿಗೆ ಮಿಷನ್ ಬಚ್ಚಲ ಪಕ್ಕ. ಈ ಮನೇಲಿ ಕುಕ್ಕಿಸಿಕೊಂಡವರೇ ಜಾಗ ಖಾಲಿ ಮಾಡ್ಬೇಕು.

ಗಂಡ: ಕೋಳಿ ಮಾತಲ್ಲಿ ಅಕ್ಕನ್ನ ಯಾಕೆ ತರ್ತೀಯ?

ಹೆಂಡತಿ: ನಾನು ತರ್ಲಿಲ್ಲ. ಮೊಟ್ಟೆ ಜೊತೆ ನೀವೇ ತಂದ್ರಿ.

ಗಂಡ: ಅಕ್ಕನೂ ಸರಿ, ನೀನೂ ಸರಿ. ಕೆಂಪಿದು ತಪ್ಪು, ಹಾಗಂತ ಪೂರ್ತಿ ತಪ್ಪು ಅನ್ನೋಕಾಗಲ್ಲ...

ಹೆಂಡತಿ: ಶುರುವಾಯ್ತು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ! ಹೋದ ಸಲ ಬೂದಿನ ಒಳಗಿಟ್ಟು ಸಾಕಿದ್ರಲ್ಲ, ತಿರುಗಿ ಬಿಟ್ಟಾಗ ಏನಾಯ್ತು? ಕೆಂಪಿ ಒಬ್ಬಳೇ ಕುಕ್ಕುತ್ತಿದ್ದದ್ದು, ಆಮೇಲೆ ಮೂರೂ ಸೇರ್ಕೊಂಡು ಕುಕ್ಕಿದ್ವು. ಇನ್ನೊಂದ್ಸಲ ಹಾಗೆ ಮಾಡಿದ್ರೆ ಇದು ಸತ್ತೇ ಹೋಗುತ್ತೆ ಕಣ್ರೀ. ಅವಳಿಗೆ ಸೊಕ್ಕು ತಲೆಗೇರಿದೆ. ಎಲ್ಲರ ತಟ್ಟೆಗೂ ಬಾಯಿ ಹಾಕ್ತಾಳೆ. ಎಳ್ಕೊಂಡು ಹೋಗಿ ಆಚೆ ಹಾಕಿ ಅಂದ್ರೆ ಕೇಳಲ್ಲ!

(ಹಿತ್ತಲ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಗಂಡನ ಅಕ್ಕ ನಿಂತಿದ್ದಳು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳು ಈಗ ಮನೆಯ ಡಬ್ಬಿಗಳನ್ನೆಲ್ಲ ತನಗೆ ಸರಿಕಂಡ ಹಾಗೆ ಜೋಡಿಸಿ ಮುಗಿಸಿದ್ದಾಳೆ. ಸಕ್ಕರೆ ಎಲ್ಲಿದೆ ಎಂದು ಹೆಂಡತಿ ಅವಳನ್ನೇ ಕೇಳಬೇಕು.)

ಅಕ್ಕ: ಹಾಕಿ, ಆಚೆ ಹಾಕಿ. ನನ್ನ ಪೆಟ್ಟಿಗೆ ಮಂಚದ ಕೆಳಗಿದೆ.

ಗಂಡ: ಅಯ್ಯೋ ಅಕ್ಕಾ, ಅದು ಕೋಳಿ ವಿಷಯ!

ಅಕ್ಕ: ಕೋಳಿಗೆ ತಟ್ಟೆ ಯಾವಾಗಿಂದ ಇಟ್ರೋ?

ಹೆಂಡತಿ: ಸರಿಯಾಗಿ ತೊಳೆದಿಲ್ಲ ಅಂತ ನೀವು ಹಿತ್ತಲಿಗೆ ಎಸೆದ್ರಲ್ಲ ಅತ್ತಿಗೆ, ಆವಾಗಿಂದ. (ಮೆಲ್ಲಗೆ) ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.

ಅಕ್ಕ: ಏನಂದೆ?

ಹೆಂಡತಿ: ಕುಂಬಳಕಾಯಿ ತರ್ಬೇಕು ಅಂದೆ.

(ಅಕ್ಕ ಲೋಟ ಕೆಳಗಿಟ್ಟು ಬಂದು ಬೂದಿಯ ಬೆನ್ನು ನೋಡಿದಳು. ಮುಖ ಸಣ್ಣದಾಯಿತು. ಅವಳಿಗೆ ಜೋರು ಇತ್ತೇ ಹೊರತು ಕಟುಕತನ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅವಳು ಕೆಂಪಿಯ ಪರ ವಹಿಸುತ್ತಾಳೆಂದೇ ಕಾದರು.)

ಅಕ್ಕ: ಕೆಂಪಿ ಮೇಲೆ ಬುಟ್ಟಿ ಕವುಚು. ಇಷ್ಟೂ ಗೊತ್ತಾಗಲ್ವಾ ನಿಮಗೆ?

ಗಂಡ: ಅಕ್ಕಾ, ಮೊಟ್ಟೆ...

ಅಕ್ಕ: ನಿನ್ನ ತಲೆ! ಕುಕ್ಕಿಸಿಕೊಂಡದ್ದನ್ನ ಒಳಗಿಟ್ಟು ಆಮೇಲೆ ಬಿಟ್ರೆ ಉಳಿದವು ಅದನ್ನ ಹೊಸಬಳು ಅಂತಾವೆ. ಹೊಸಬರಿಗೆ ಯಾವಾಗ್ಲೂ ಕೊನೇ ಜಾಗ. ಅದೇ ಕುಕ್ಕಿದವಳನ್ನ ಆಚೆ ಇಟ್ಟು ನೋಡು. ಇವು ನೆಮ್ಮದಿಯಾಗಿ ಮೇಯ್ದು ತಮ್ಮತಮ್ಮಲ್ಲೇ ಜಾಗ ಹಂಚ್ಕೋತಾವೆ. ಅವಳು ವಾಪಸ್ ಬರೋ ಹೊತ್ತಿಗೆ ಕುರ್ಚಿ ಇರಲ್ಲ. ಬಾಲ ಮುದುರ್ಕೊಂಡು ಕೊನೇಲಿ ನಿಲ್ತಾಳೆ.

ಹೆಂಡತಿ: (ಆಶ್ಚರ್ಯದಿಂದ) ಇದೆಲ್ಲ ನಿಮಗೆ ಹೇಗೆ ಗೊತ್ತು ಅತ್ತಿಗೆ?

ಅಕ್ಕ: ನನ್ನ ಸೊಸೆ ಕೋಳಿ ಸಾಕಿದ್ದಾಳಲ್ಲ! ಜೋರು ಮಾಡೋ ಕೋಳಿ ಇದ್ರೆ ಅವಳು ಬೈಯಲ್ಲ, ಹೊಡೆಯಲ್ಲ. ಎತ್ತಿಕೊಂಡು ಹೋಗಿ ಪಕ್ಕದ ಮನೇಲಿ ಬಿಟ್ಟು ಬರ್ತಾಳೆ. ಹವಾ ಬದಲಾವಣೆ ಅಂತಾಳೆ. ಬಲು ಜಾಣೆ.

ಹೆಂಡತಿ: ಜಾಣೆನೇ. ನಿಮ್ಮನ್ನ ಕಂಡ್ರೂ ತುಂಬ ಪ್ರೀತಿ ಇರ್ಬೇಕು.

ಅಕ್ಕ: ಕೇಳ್ಬೇಡ. ಇಲ್ಲಿಗೆ ಹೊರಡು ಅಂದದ್ದೂ ಅವಳೇ. ಟಿಕೆಟ್ ಅವಳೇ ಮಾಡಿಸಿದ್ಲು, ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬಿದ್ಲು, ಬಸ್ ಹತ್ತಿಸಿ ಕೈ ಬೀಸಿದ್ಲು. ಆರಾಮಾಗಿ ಇದ್ದು ಬನ್ನಿ ಅತ್ತೆ, ಸ್ವಲ್ಪ ಹವಾ ಬದಲಾವ...

(ಗಂಡ ನಲ್ಲಿಯನ್ನು ಮೊದಲ ಸಲ ನೋಡುವವನಂತೆ ನೋಡತೊಡಗಿದ. ಹೆಂಡತಿ ಬುಟ್ಟಿ ಹಿಡಿದು ನಿಂತಳು. ನಗಬೇಕೆನಿಸಿತು, ಆದರೆ ಅತ್ತಿಗೆಯ ಮುಖ ನೋಡಿ ಕನಿಕರವೇ ಬಂತು. ಈ ಮನೆಗೆ ನೆಂಟರು ಬಂದಿದ್ದಾರೆ ಎಂದುಕೊಂಡಿದ್ದಳು. ಆ ಸೊಸೆ ಅತ್ತೆಯ ಮೇಲೆ ಬುಟ್ಟಿಯಾಗಿ ಕವುಚಿದ್ದು ತನ್ನ ಮನೆಯನ್ನೇ ಎಂದು ಈಗ ತಿಳಿಯಿತು.)

ಅಕ್ಕ: (ಬೂದಿಯ ಬೆನ್ನನ್ನೇ ನೋಡುತ್ತಾ) ನಾನು ಹಾಗೆ ಕುಕ್ಕುತ್ತೀನೇನೋ?

ಗಂಡ: ಛೆ ಛೆ! ಹಾಗೇನಿಲ್ಲ ಅಕ್ಕಾ. ಹಾಗಂತ ಪೂರ್ತಿ ಇಲ್ಲ ಅನ್ನೋಕೂ...

ಅಕ್ಕ: ಬಾಯ್ಮುಚ್ಚು. (ಹೆಂಡತಿಗೆ) ನೀನು ಹೇಳಮ್ಮ.

ಹೆಂಡತಿ: ನನ್ನ ಬೆನ್ನ ಮೇಲೆ ಪುಕ್ಕ ಇನ್ನೂ ಸ್ವಲ್ಪ ಉಳಿದಿದೆ ಅತ್ತಿಗೆ.

(ಕೆಂಪಿಯನ್ನು ಹಿಡಿದು ಬುಟ್ಟಿಯಡಿ ಹಾಕಿದ್ದು ಅಕ್ಕನೇ. ಬೂದಿಗೆ ಮುಲಾಮು ಹಚ್ಚಿದ್ದೂ ಅವಳೇ, ರಕ್ತ ಕಾಣದ ಹಾಗೆ ದಪ್ಪವಾಗಿ. ಬೂದಿ ಕಾಳಿನ ಹತ್ತಿರ ಹೋಗಿ, ಹಿಂದೆ ಯಾರೂ ಇಲ್ಲ ತಾನೇ ಎಂದು ತಿರುಗಿ ನೋಡಿ ತಿನ್ನತೊಡಗಿತು. ಹೆಂಡತಿಗೆ ಎದೆ ಹಗುರಾಯಿತು. ಅಕ್ಕ ಮಾತ್ರ ಬುಟ್ಟಿಯ ಎದುರು ಕುಳಿತೇ ಇದ್ದಳು.)

ಅಕ್ಕ: ಅಂದ್ರೆ ಈಗ ವಾಪಸ್ ಹೋದ್ರೆ ನನಗೆ ಅಲ್ಲಿ ಕೊನೇ ಜಾಗ.

ಹೆಂಡತಿ: ನೀವೇ ಹೇಳಿದ್ದು.

ಅಕ್ಕ: ಹಾಗಾದ್ರೆ ಹೋಗೋದೇ ಇಲ್ಲ! ಇಲ್ಲೇ ಇದ್ದುಬಿಡ್ತೀನಿ. ಏನಂತೀಯೋ?

(ಗಂಡ ಕೈ ಎತ್ತಿದ. ಲಾರಿ ನಿಲ್ಲಿಸುವ ಕೈಯೇ ಅದು, ಆದರೆ ಅರ್ಧಕ್ಕೆ ಬಂದು ತಲೆ ಕೆರೆಯಿತು. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಅತ್ತಿಗೆಯ ಪಕ್ಕದಲ್ಲೇ ಕುಳಿತಳು.)

ಹೆಂಡತಿ: ಇರಿ ಅತ್ತಿಗೆ, ಎಷ್ಟು ದಿನ ಬೇಕಾದ್ರೂ ಇರಿ. ಆದ್ರೆ ಮಿಷನ್ ನನ್ನ ಕೋಣೆಗೆ ಬರುತ್ತೆ, ಸಕ್ಕರೆ ಡಬ್ಬಿ ಮೊದಲಿನ ಜಾಗಕ್ಕೆ. ಈ ಮನೆಗೆ ಹೊಸಬರು ನೀವು.

ಅಕ್ಕ: ಅಂದ್ರೆ ಇಲ್ಲೂ ಕೊನೇ ಜಾಗವಾ?

ಹೆಂಡತಿ: ಹೆಚ್ಚು ಜನ ಇಲ್ಲ ಬಿಡಿ. ಮೊದಲು ನಾನು. ಆಮೇಲೆ ನಿಮ್ಮ ತಮ್ಮ. ಆಮೇಲೆ ನೀವು.

(ಅಕ್ಕ ತಮ್ಮನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಅವನ ಸಮವಸ್ತ್ರದ ತೋಳಿಗೆ ಕೋಳಿ ಪುಕ್ಕ ಅಂಟಿತ್ತು. ನೋಡುತ್ತಿದ್ದಾಳೆಂದು ಗೊತ್ತಾಗಿ ಅವನು ಒಂದು ಹೆಜ್ಜೆ ಹಿಂದೆ ಸರಿದ.)

ಅಕ್ಕ: ಇವನ ಕೆಳಗಾ?

ಹೆಂಡತಿ: ಇವರ ಕೆಳಗೇ.

ಅಕ್ಕ: (ಏಳುತ್ತಾ) ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗಮ್ಮ?