ಕೆಂಪು ಕುಲಾವಿ, ಒಂಬತ್ತು ಮರಿಗಳು

ನಜರ್‌ಬಾದಿನಲ್ಲಿ ನಿಜವಾದ ಅನುಯಾಯಿಗಳಿರುವುದು ಯಾರಿಗೆ ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ನನ್ನ ಸೋದರಮಾವನ ಹೆಸರು ಹೇಳುತ್ತೇನೆ. ಅವರು ಎದ್ದರೆ ಏಳುವ, ಕೂತರೆ ಕೂರುವ, ಬಚ್ಚಲಿಗೆ ಹೋದರೆ ಬಾಗಿಲಲ್ಲೇ ಕಾಯುವ ಒಂಬತ್ತು ನಿಷ್ಠಾವಂತರು! ಟಿಕೆಟ್ ಕೇಳುವುದಿಲ್ಲ, ಪಕ್ಷ ಬಿಡುವುದಿಲ್ಲ. ಎಲ್ಲರೂ ಕೋಳಿಮರಿಗಳು ಎಂಬುದೊಂದೇ ಕೊರತೆ.

ಅದೂ ಎಂಥ ಮನೆಯಲ್ಲಿ? ಲಿಂಗಪೂಜೆಯಾಗದೆ ಕಾಫಿ ಪಾತ್ರೆ ಒಲೆ ಏರದ ಮನೆಯಲ್ಲಿ! ಮೊಟ್ಟೆ ಹಾಕಿದ ಕೇಕು ಕೂಡ ಅಲ್ಲಿಯವರೆಗೆ ಆ ಹೊಸಿಲು ದಾಟಿರಲಿಲ್ಲ.

ಮಾವನ ಚಾಳಿಯೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರು ಏನೇ ಹೇಳಲಿ, ತಾವೇ ಮಾಡಿ ನೋಡದೆ ನಂಬುವ ಜಾಯಮಾನದವರಲ್ಲ. ಎಂಥ ಕಲೆಯೂ ಹೋಗುತ್ತದೆ ಎಂದು ಟಿವಿಯಲ್ಲಿ ಸೋಪಿನ ಪುಡಿಯವರು ಹೇಳಿದ ದಿನವೇ, ಮಗಳ ಗಂಡ ಕೊಡಿಸಿದ ಹೊಸ ಷರ್ಟಿನ ಮೇಲೆ ಇಂಕು ಸುರಿದರು. ಕಲೆ ಹೋಗಲಿಲ್ಲ. "ನೋಡಿದ್ಯೇನೋ, ನಾನು ಹೇಳ್ಲಿಲ್ವಾ?" ಎಂದು ಗೆದ್ದ ಮುಖದಲ್ಲಿ ಅದೇ ಷರ್ಟು ತೊಟ್ಟು ಮದುವೆಯೊಂದಕ್ಕೆ ಬಂದರು. ಅತ್ತೆ ಆ ಮದುವೆಯಲ್ಲಿ ಬೇರೆ ಪಂಕ್ತಿಗೆ ಕೂತರು.

ಇಂಥವರ ಮೊಮ್ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಎರಡೂವರೆ ವರ್ಷದ ಪುಟ್ಟಿಗೆ ಆಪರೇಷನ್ ಮಾಡಿಸಿ, ಕಿವಿಯ ಹಿಂದೆ ಮಿಷನ್ ಕೂರಿಸಿದ್ದರು. ಈಗ ಬಾಗಿಲು ಬಡಿದರೆ ತಿರುಗಿ ನೋಡುತ್ತಿದ್ದಳು. ಮಾತು ಮಾತ್ರ ಒಂದೂ ಇಲ್ಲ. ಮನೆಯವರೆಲ್ಲರ ಜೀವ ಆ ಒಂದು ಮಾತಿಗಾಗಿ ಕಾಯುತ್ತಿತ್ತು.

ಮಾತು ಕಲಿಸುವ ಟೀಚರಮ್ಮ, "ಮುಖ ತೋರ್ಸಿ ಮಾತಾಡಿ ಸಾರ್. ನೋಡೋದು, ಕೇಳೋದು ಎರಡೂ ಒಟ್ಟಿಗೆ ಬಂದ್ರೆ ಎಳೇ ಮಿದುಳು ಬೇಗ ಹಿಡ್ಕೊಳತ್ತೆ. ಹಕ್ಕಿಮರಿಗಳೂ ಹಂಗೇ ಕಲಿಯೋದು" ಎಂದರಂತೆ. ಬೇರೆಯವರಾಗಿದ್ದರೆ ತಲೆಯಾಡಿಸಿ ಮನೆಗೆ ಬರುತ್ತಿದ್ದರು. ಮಾವ ನೇರವಾಗಿ ದೇವರಾಜ ಮೊಹಲ್ಲಾದ ಅಂಗಡಿಗೆ ಹೋಗಿ ಒಂದು ಡಜನ್ ಮೊಟ್ಟೆ ತಂದರು!

"ಏನೂಂದ್ರೆ, ಈ ವಯಸ್ಸಲ್ಲಿ ಮೊಟ್ಟೆ ತಿನ್ನೋ ಬುದ್ಧಿ ಬಂತಾ ನಿಮ್ಗೆ?" ಎಂದು ಅತ್ತೆ ಹಣೆ ಚಚ್ಚಿಕೊಂಡರು.

"ತಿನ್ನಕ್ಕಲ್ಲ ಕಣೇ, ಮರಿ ಮಾಡಕ್ಕೆ! ಪುಟ್ಟಿ ವಿಷ್ಯ ಇದು. ಬೇರೆಯವ್ರ ಮಾತು ನಂಬ್ಕೊಂಡು ಕೂರಕ್ಕಾಗತ್ತಾ?"

ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ, ದಿನಕ್ಕೆ ಮೂರು ಸಲ ಮೊಟ್ಟೆಗಳನ್ನು ಹೊರಳಿಸುತ್ತಾ ಕೂತರು. ಇಪ್ಪತ್ತೊಂದನೇ ದಿನ ನಮ್ಮನ್ನೆಲ್ಲ ನಾಮಕರಣಕ್ಕೆ ಕರೆದಂತೆ ಕರೆದರು. ಏನೂ ಆಗಲಿಲ್ಲ. ಮೂವತ್ತನೇ ದಿನ ಆಯಿತು: ವಾಸನೆ! ಹಳ್ಳಿಯಲ್ಲಿ ಕೋಳಿ ಸಾಕಿ ಬೆಳೆದ ಪಕ್ಕದ ಮನೆ ಗೌಡರಮ್ಮ ಮೂಗಿಗೆ ಸೆರಗು ಹಿಡಿದು ಬಂದು ಇಣುಕಿದರು.

"ಅಯ್ಯೋ ಸ್ವಾಮಿ, ಅಂಗಡಿ ಮೊಟ್ಟೆ ಎಲ್ಲಾದ್ರೂ ಮರಿ ಆಯ್ತದಾ? ಆ ಕೋಳಿಗಳು ಹುಂಜದ ಮುಖಾನೇ ನೋಡಿರಕ್ಕಿಲ್ಲ!"

ಏಳು ತಲೆಮಾರಿನಿಂದ ಮೊಟ್ಟೆ ಮುಟ್ಟದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಹೇಳಿ! ಆ ಪುಣ್ಯಾತ್ಗಿತ್ತಿಯೇ ತಮ್ಮ ತವರಿನಿಂದ ನಾಟಿ ಮೊಟ್ಟೆ ತರಿಸಿಕೊಟ್ಟರು. ಈ ಸಲ ಒಂಬತ್ತು ಮರಿಗಳು ಚಿಪ್ಪೊಡೆದು ಹೊರಬಂದವು. ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು, ಗುರುತಿಗಿರಲಿ ಎಂದು ಕೆಂಪು ಉಲ್ಲನ್ ಕುಲಾವಿ ಹಾಕಿಕೊಂಡು "ಬಾ, ಬಾ" ಎನ್ನುತ್ತಿದ್ದ ನಮ್ಮ ಮಾವ. ಏಪ್ರಿಲ್ ತಿಂಗಳು, ನೆನಪಿರಲಿ.

ಆಮೇಲೆ ಪರೀಕ್ಷೆ. ಬಾಗಿಲ ಮರೆಯಲ್ಲಿ ನಿಂತು ಬರೀ ದನಿ ಮಾಡಿದರೆ ಮರಿಗಳು ಕತ್ತು ಎತ್ತಿ ಅತ್ತಿತ್ತ ನೋಡಿದವು, ಅಷ್ಟೇ. ದನಿಯಿಲ್ಲದೆ ಕುಲಾವಿಯನ್ನಷ್ಟೇ ಕೋಲಿಗೆ ಸಿಕ್ಕಿಸಿ ಆಡಿಸಿದರೆ ಅರ್ಧ ದಾರಿ ಬಂದು ನಿಂತವು. ಕುಲಾವಿಯೂ "ಬಾ" ಎನ್ನುವ ದನಿಯೂ ಸೇರಿದ್ದೇ ತಡ, ಬಿದ್ದೆದ್ದು ಓಡಿ ಬಂದವು! ಮಾವ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲೇ "ಟೀಚರಮ್ಮ ಹೇಳಿದ್ದು ಸರಿ" ಎಂದು ಬರೆದರು. ಅವರ ಜೀವಮಾನದಲ್ಲಿ ಇನ್ನೊಬ್ಬರನ್ನು ಸರಿ ಎಂದು ಒಪ್ಪಿಕೊಂಡದ್ದು ಅದೇ ಮೊದಲು!

ಮರುದಿನ ಅವರು ಕ್ಷೌರದಂಗಡಿಯಿಂದ ಮೀಸೆಯಿಲ್ಲದೆ ಹೊರಬಂದರು. ನಲವತ್ತು ವರ್ಷದ ಮೀಸೆ! ತುಟಿಯ ಮೇಲೆ ಪೊರಕೆಯಂತೆ ಬಿದ್ದಿರುತ್ತಿತ್ತು. "ಅದು ಅಡ್ಡ ಇದ್ರೆ ಪುಟ್ಟಿಗೆ ನನ್ನ ಬಾಯಿ ಹೆಂಗೋ ಕಾಣತ್ತೆ?" ಎಂದರು. ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. ಎರಡು ದಿನ ಮಾವನನ್ನು ಕಂಡಾಗಲೆಲ್ಲ ಯಾರೋ ಬಂದಿದ್ದಾರೆಂದು ತಲೆಮೇಲೆ ಸೆರಗು ಎಳೆದುಕೊಂಡರು.

ಅಂದಿನಿಂದ ದಿನಾ ಬೆಳಿಗ್ಗೆ ಅಂಗಳದಲ್ಲಿ ಪುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತುಟಿ ಬಿಗಿಹಿಡಿದು, ಬಿಟ್ಟು, "ಬಾ" ಅನ್ನುವುದು. ಮರಿಗಳು ಓಡಿ ಬರುತ್ತಿದ್ದವು, ಪುಟ್ಟಿ ಚಪ್ಪಾಳೆ ತಟ್ಟುತ್ತಿದ್ದಳು. ಒಂದು ವಾರವಾಯಿತು, ಮೂರು ವಾರವಾಯಿತು. ಅವಳು ಬಾಯಿ ಬಿಡಲಿಲ್ಲ. ಮಾವನ ಗದ್ದಲವೂ ಕಡಿಮೆಯಾಯಿತು. ಒಂದು ದಿನ ನನ್ನ ಹತ್ತಿರ, "ಕೋಳಿಗೆ ಬಂದದ್ದು ಕೂಸಿಗೆ ಯಾಕೋ ಬರ್ತಿಲ್ಲ? ನಾನೇ ಸರಿಯಾಗಿ ಹೇಳ್ತಿಲ್ವೇನೋ" ಎಂದರು. ಮಾವ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೊನ್ನೆ ಭಾನುವಾರ ಮಾವ ಅಂಗಳದ ನಲ್ಲಿಯ ಹತ್ತಿರ ಕನ್ನಡಿ ಇಟ್ಟುಕೊಂಡು, ಮತ್ತೆ ಚಿಗುರುತ್ತಿದ್ದ ಮೀಸೆಯನ್ನು ತೆಗೆಯುತ್ತಿದ್ದರು. ಕುಲಾವಿ ಕಟ್ಟೆಯ ಮೇಲಿತ್ತು. ಮರಿಗಳು ಅವರ ಸುತ್ತ ಮಣ್ಣು ಕೆದಕುತ್ತಿದ್ದವು. ಪುಟ್ಟಿ ಕುಲಾವಿ ಎತ್ತಿ ತಲೆಗೆ ಹಾಕಿಕೊಂಡಳು. ಅದು ಮೂಗಿನ ತನಕ ಇಳಿಯಿತು. ಮೇಲಕ್ಕೆ ತಳ್ಳಿದಳು. ಕುಕ್ಕರಗಾಲಲ್ಲಿ ಕೂತಳು. ಥೇಟ್ ತಾತನ ಹಾಗೆ ತುಟಿ ಬಿಗಿಹಿಡಿದಳು.

"ಬ್ಬಾ."

ಒಂಬತ್ತೂ ಮರಿಗಳು ಅವಳ ಕಡೆ ಓಡಿದವು. ಆದರೆ ಅವುಗಳನ್ನೆಲ್ಲ ಹಿಂದೆ ಹಾಕಿ, ಮುಖದ ತುಂಬ ನೊರೆಯೊಂದಿಗೆ ಓಡಿಹೋಗಿ ಅವಳ ಕಾಲ ಬಳಿ ಕುಸಿದು ಕೂತದ್ದು ನಮ್ಮ ಮಾವ! ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತೇಬಿಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಮಾವ ಕಣ್ಣೊರೆಸಿಕೊಂಡು ಮೇಲೆದ್ದರು. ನಲ್ಲಿಯ ತನಕ ಹಿಂದಕ್ಕೆ ನಡೆದು ಅವಳ ಕಡೆ ತಿರುಗಿ ನಿಂತರು.

"ಒಂದೇ ಸಲಕ್ಕೆ ನಾನು ನಂಬಲ್ಲ ಕಣಮ್ಮ. ಇನ್ನೊಂದ್ಸಲ ಕರಿ" ಎಂದರು.

ಕರೆದಳು.