ಎಡಕ್ಕೆ ತಿರುಗಿದರೆ ಹಾರ್ನ್

ನಮ್ಮ ಸೋದರತ್ತೆಯ ಕಾರಿನಲ್ಲಿ ಒಮ್ಮೆ ಕೂತು ಇಳಿದವರು ಯಾರೂ ನಾಸ್ತಿಕರಾಗಿ ಉಳಿದಿಲ್ಲ. ಇದು ಅತಿಯಾಯಿತು ಎನ್ನುವವರು ಯಾವುದಾದರೂ ಭಾನುವಾರ ಬೆಳಿಗ್ಗೆ ಶಿವಬಸವ ನಗರಕ್ಕೆ ಬನ್ನಿ. ಅತ್ತೆ ಸಂತೋಷದಿಂದ ಕೂರಿಸಿಕೊಳ್ಳುತ್ತಾಳೆ. ಇಳಿಸುವುದು ಮಾತ್ರ ಕಾರಿನ ಮರ್ಜಿ!

ನಾನು ಟಿಳಕವಾಡಿಯಲ್ಲಿರುವವನು. ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ, ಐವತ್ತರ ಅಂಚಿನವನು, ಸೊಂಟ ನೋವಿನವನು. ಅತ್ತೆಯ ಕಣ್ಣಿಗೆ ಇದಾವುದೂ ಬೀಳುವುದಿಲ್ಲ. ಅವಳ ಮಟ್ಟಿಗೆ ನಾನು ಹಿಂದೆ ನಿಂತು ಕಾರು ದೂಡಬಲ್ಲ ಒಬ್ಬ ಅಣ್ಣನ ಮಗ, ಅಷ್ಟೇ. ವಾರವಿಡೀ ಕಚೇರಿಯಲ್ಲಿ ಫೈಲು ದೂಡಿ, ಭಾನುವಾರ ಕಾರು ದೂಡಿ, ನನಗೆ ವಿಶ್ರಾಂತಿ ಎಂಬ ಶಬ್ದವೇ ಪರದೇಶದ್ದು ಅನಿಸಿಬಿಟ್ಟಿದೆ.

ಯಾವ ಕಂಪನಿಯ ಕಾರು ಎಂದು ಕೇಳಬೇಡಿ. ಹೇಳಿದರೆ ಅತ್ತೆಯ ವಯಸ್ಸು ಹೇಳಿದಂತಾಗುತ್ತದೆ. ಸ್ಟೀರಿಂಗಿನ ಕೊರಳಿಗೇ ಗೇರು, ಮುಂದಿನ ಸೀಟು ಪಡಸಾಲೆಯ ಸೋಫಾದಂತೆ ಒಂದೇ ಉದ್ದ, ಆ ಕಾಲದ್ದು. ಅತ್ತೆ ಖಾನಾಪುರದ ಹೈಸ್ಕೂಲೊಂದರಲ್ಲಿ ಸರ್ವಿಸು ಪೂರ್ತಿ ಗಣಿತ ಕಲಿಸಿದವಳು. ಬೆಳಗಾವಿಯಿಂದ ದಿನವೂ ಇದೇ ಕಾರಿನಲ್ಲಿ ಹೋಗಿ ಬರುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಮನಿ ಮುಂದ ಒಂದ ನಿಲ್ಲೂವಷ್ಟ ಜಾಗಾ ಅದ" ಎಂದು ಕಾರಿನ ಕಡೆ ಕೈ ತೋರಿಸುತ್ತಾಳೆ.

ಅವಳು ಓಡಿಸುವ ರೀತಿಯೇ ಬೇರೆ. ಎದುರು ಬರುವ ಪ್ರತಿಯೊಂದು ವಾಹನಕ್ಕೂ ಅಂಕ ಕೊಡುತ್ತ ಹೋಗುತ್ತಾಳೆ. "ನೋಡ ತಮ್ಮಾ, ಸೈಡ್ ಕೊಡೂದರಾಗ ಸೊನ್ನಿ. ಲೈಟ್ ಡಿಮ್ ಮಾಡೂದರಾಗ ಸೊನ್ನಿ. ಇವ ಡುಮ್ಕಿ." ತಾನು ಮಾತ್ರ ಹಾರ್ನ್ ಮುಟ್ಟುವವಳಲ್ಲ. ಅದು ಅವಳ ವ್ರತ. "ಹಾರ್ನ್ ಹೊಡೆಯೂದು ಅಂದ್ರ ಉತ್ತರ ಗೊತ್ತಿಲ್ದ ಹುಡುಗ ಕೈ ಎತ್ತಿದಂಗ" ಎನ್ನುತ್ತಾಳೆ. ಮುಂದೆ ಎಮ್ಮೆ ಅಡ್ಡ ನಿಂತರೆ ಎಮ್ಮೆಗೆ ತಾನಾಗಿಯೇ ಜ್ಞಾನೋದಯವಾಗುವ ತನಕ ಕಾಯುತ್ತಾಳೆ. ಹಿಂದಿನವರು ಕಾಯಬೇಕಲ್ಲ? ಕಾಯಲಿ!

ಇಂಥ ಕಾರಿಗೆ ತುಕ್ಕು ಹತ್ತಿತು. ಕಾಲಡಿ ರಸ್ತೆ ಕಾಣತೊಡಗಿತು. ಏರು ಬಂದರೆ ಹೊಗೆ. ಒಂದು ದಿನ ಖಾನಾಪುರ ರಸ್ತೆಯಲ್ಲಿ ಕಾರು ನಿಂತು ಇಳಿದಾಗ, ಬದಿಯ ಗ್ಯಾರೇಜಿನಿಂದ ಒಬ್ಬ ಓಡಿ ಬಂದು ಅತ್ತೆಯ ಕಾಲಿಗೆ ಬಿದ್ದ.

"ಟೀಚರ್! ನಮಸ್ಕಾರ್ರಿ! ನಾ ನಿಮ್ಮ ಸ್ಟೂಡೆಂಟ್ ಅದೀನ್ರಿ! ಈ ಗ್ಯಾರೇಜು ನಂದ ಐತ್ರಿ!"

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಎಲ್ಲಿ ಕುಂದರ್ತಿದ್ದಿ?"

"ಕಡೀ ಬೆಂಚಿನ್ಯಾಗರಿ."

ನಾನು ಆಗಲೇ ಕಾರಿನ ಕೀಲಿಯತ್ತ ಕೈ ಚಾಚಿದೆ. ಅತ್ತೆಗೆ ಮಾತ್ರ ತನ್ನ ಶಿಷ್ಯನೊಬ್ಬ ಸ್ವಂತ ಗ್ಯಾರೇಜು ಹಾಕಿದ್ದಾನೆಂದು ಕಣ್ಣು ತುಂಬಿತು. ಕೀಲಿ ಕೊಟ್ಟೇಬಿಟ್ಟಳು. "ಮಳಿಗಾಲ ಸುರು ಆಗೂದ್ರಾಗ ಮುಗಿಸಿ ಕೊಡ್ತೀನ್ರಿ" ಎಂದ ಅವನು. ಯಾವ ವರ್ಷದ ಮಳೆಗಾಲ ಎಂದು ನಾವು ಕೇಳಬೇಕಿತ್ತು!

ಕಾರು ಮನೆಗೆ ಬಂದದ್ದು ದಸರೆ ಮುಗಿದ ಮೇಲೆ. ಕೆನೆ ಬಣ್ಣ ಹೇಳಿದ್ದೆವು. ಬಂದದ್ದು ಬಲಿತ ಸೌತೆಕಾಯಿಯ ಬಣ್ಣ. ಬಾನೆಟ್ಟಿನ ಮೇಲೆ, ಬಣ್ಣದ ಅಡಿಯಲ್ಲಿ, ಒಂದು ಬೇವಿನ ಎಲೆ ಅಂಟಿಕೊಂಡಿತ್ತು. ನರಗಳೆಲ್ಲ ಸ್ಪಷ್ಟ. ಅತ್ತೆ ಅದರ ಮೇಲೆ ಬೆರಳಾಡಿಸಿ, "ವಿಜ್ಞಾನದ ಟೀಚರ್ ಆಗಿದ್ರ ಇದಕ್ಕ ಮಾರ್ಕ್ಸ್ ಕೊಡ್ತಿದ್ದೆ" ಎಂದಳು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಗ್ಯಾರೇಜಿನಿಂದ ಹೊರಟು ಮೊದಲ ತಿರುವಿನಲ್ಲಿ ಎಡಕ್ಕೆ ತಿರುಗಿಸಿದಳು ನೋಡಿ, ಪೋಂ ಎಂದು ಹಾರ್ನು ಶುರುವಾಯಿತು. ಸ್ಟೀರಿಂಗು ನೆಟ್ಟಗಾದರೆ ಸುಮ್ಮನಾಗುತ್ತದೆ. ಎಡಕ್ಕೆ ತಿರುಗಿದರೆ ಮತ್ತೆ ಪೋಂ! ಜೀವಮಾನದಲ್ಲಿ ಹಾರ್ನ್ ಮುಟ್ಟದ ಹೆಂಗಸು ಅಂದು ಟಿಳಕವಾಡಿಯ ಅರ್ಧ ಜನರನ್ನು ಬಾಗಿಲಿಗೆ ಕರೆಸಿದಳು. ಚೌಕದಲ್ಲಿ ಪೊಲೀಸ್ ಪೇದೆ ತಡೆದ.

"ಅಮ್ಮಾರ, ಯಾಕ ಅಷ್ಟ ಹಾರ್ನ್ ಹೊಡ್ಯಾಕತ್ತೀರಿ?"

"ನಾ ಹೊಡ್ಯಾಕತ್ತಿಲ್ಲಪಾ. ಅದ ಹೊಡ್ಕೊಳಾಕತ್ತದ."

ಪೇದೆ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

ಮರುದಿನದಿಂದ ಅತ್ತೆ ಒಂದು ದಾರಿ ಕಂಡುಕೊಂಡಳು. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಸಲ ಎಡಕ್ಕೆ ತಿರುಗಿದ ಹಾಗೆ! ಗಣಿತದ ಟೀಚರ್ ಅಲ್ಲವೇ? ಶಿವಬಸವ ನಗರದಿಂದ ನನ್ನ ಮನೆಗೆ ಬರಲು ಊರು ಪ್ರದಕ್ಷಿಣೆ ಹಾಕಿ ಬರತೊಡಗಿದಳು. ಮಾಡಿಟ್ಟ ಚಹಾ ಆರಿ, ಮತ್ತೆ ಕಾಯಿಸಿ, ಮತ್ತೆ ಆರುತ್ತಿತ್ತು.

ಗ್ಯಾರೇಜಿಗೆ ಮತ್ತೆ ಹೋದೆವು. ಶಿಷ್ಯ ಹಾರ್ನು ಸರಿ ಮಾಡಿದ. ಈಗ ಬ್ರೇಕು ಒತ್ತಿದರೆ ವೈಪರು ತಿರುಗುತ್ತಿತ್ತು. ಅದನ್ನೂ ಸರಿ ಮಾಡಿದ. ಈಗ ಮುಂದಿನ ಎಡಬಾಗಿಲು ಹಿಡಿಯುವುದನ್ನೇ ಬಿಟ್ಟಿತು. ತಗ್ಗಿನಲ್ಲಿ ಗಾಲಿ ಇಳಿದರೆ ಸಾಕು, ಬಾಗಿಲು ತಾನೇ ತೆರೆದು ಹಾದಿಹೋಕರನ್ನು ಒಳಗೆ ಕರೆಯುತ್ತಿತ್ತು. ಬೆಳಗಾವಿಯ ರಸ್ತೆಯಲ್ಲಿ ತಗ್ಗಿಗೇನು ಬರಗಾಲವೇ? ಹಗ್ಗ ಕಟ್ಟಿಕೊಂಡು ಬಂದೆವು. ಒಮ್ಮೆಯಂತೂ ಕೆಲಸ ಮುಗಿದ ಮೇಲೆ ಒಂದು ತಾಟಿನ ತುಂಬ ಬೋಲ್ಟು, ನಟ್ಟು ಉಳಿದಿದ್ದವು.

"ಇವು ಯಾಕ ಉಳದ್ವು?" ಅತ್ತೆ ಕೇಳಿದಳು.

"ಅವು ಎಕ್ಸ್ಟ್ರಾ ಅದಾವ್ರಿ ಟೀಚರ್."

"ಕಂಪನಿಯವರು ಹೆಚ್ಚಿಗಿ ಹಾಕಿ ಕೊಟ್ಟಿದ್ರೇನ, ಮ್ಯಾಲೆ ಕೊಸರು ಅಂತ?"

ಅವನು ತಾಟನ್ನು ಕಾಲಿನಿಂದ ಬೆಂಚಿನ ಅಡಿಗೆ ಸರಿಸಿದ. ಮನೆಗೆ ಬರುವಾಗ ಕಾರು ನಿಂತಿತು. ನಾನು ಇಳಿದು ದೂಡತೊಡಗಿದೆ. ಕಿಟಕಿಯಿಂದ ಅತ್ತೆಯ ದನಿ ಬಂತು. "ಒಂಬತ್ತನೇ ಕ್ಲಾಸಿನ್ಯಾಗ ಆ ಹುಡುಗನ್ನ ಮ್ಯಾಲೆ ದೂಡಿ ಪಾಸ್ ಮಾಡಿದಾಕಿ ನಾನ. ಆವತ್ತ ನಾ ದೂಡಿದ್ದಕ್ಕ ಇವತ್ತ ನೀ ದೂಡಾಕತ್ತಿ."

ಮನೆ ಮುಟ್ಟಿ ನಾನು ಕಟ್ಟೆಯ ಮೇಲೆ ಕುಸಿದೆ. ಸೊಂಟ ನನ್ನದೋ ಬೇರೆಯವರದೋ ತಿಳಿಯುತ್ತಿರಲಿಲ್ಲ. "ಅತ್ತಿ, ಮಾರಿಬಿಡು. ಸಣ್ಣದೊಂದು ಹೊಸಾ ಗಾಡಿ ತಗೊ. ಎಲ್ಲಿಗೆ ಹೋಗೂದೈತಿ ನಿನಗ, ರಿಟೈರ್ ಆದಾಕಿಗಿ?"

ಅತ್ತೆ ನೀರಿನ ತಂಬಿಗೆ ಕೊಟ್ಟು ಬಾಜು ಕೂತಳು. "ಖಾನಾಪುರಕ್ಕ. ವಾರದಾಗ ಎರಡು ಸಲ. ಬಾಯಿನ ಕರಕೊಂಡ ಬರಾಕ."

ಬಾಯಿ ಎಂದರೆ ಅತ್ತೆಯ ಶಾಲೆಯಲ್ಲೇ ಹಿಂದಿ ಕಲಿಸುತ್ತಿದ್ದವರು. ಮರಾಠಿ ಮನೆಯವರು, ಅಲ್ಲಿ ಟೀಚರಿಗೆ ಬಾಯಿ ಎನ್ನುತ್ತಾರೆ. ಹುಡುಗರಿಗೆಲ್ಲ ಅವರು ಹಿಂದಿ ಬಾಯಿ. ಅತ್ತೆ ಹಿಂದಿನ ವರ್ಷದಿಂದ ಅವರನ್ನು ನೆಹರು ನಗರದ ದೊಡ್ಡ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆತರುತ್ತಿದ್ದಾಳಂತೆ. ನನಗೆ ಗೊತ್ತೇ ಇರಲಿಲ್ಲ.

"ಬಾಡಿಗಿ ಗಾಡಿ ಮಾಡಿದ್ರಾತಲ್ಲ?"

"ಗ್ಯಾರೇಜಿನ್ಯಾಗ ಬಿದ್ದಷ್ಟೂ ದಿನ ಅದನ್ನ ಮಾಡೇವಿ. ಖಿಡಕಿ ಮುಚ್ಚಿದ ಎ.ಸಿ. ಗಾಡ್ಯಾಗ ಆಕಿಗಿ ವಾಂತಿ. ಕುಂತ ಬರಾಕ ಆಗೂದಿಲ್ಲ. ನಮ್ಮ ಗಾಡಿ ಮುಂದಿನ ಸೀಟಿನ್ಯಾಗ ಬಾಗಲಕ್ಕ ದಿಂಬ ಕೊಟ್ಟು, ಕಾಲ ಮ್ಯಾಲ ತಗೊಂಡು, ಮನ್ಯಾಗ ಮಲ್ಕೊಂಡಂಗ ಬರ್ತಾಳ. ಈಗ ಆ ಬಾಗಲಾನ ಹಿಡೀವಲ್ದು." ಅತ್ತೆ ಕಾರಿನ ಕಡೆ ನೋಡಿದಳು. "ಹ್ವಾದ ವಾರ ಒಂದು ಸಲ ತಪ್ಪಿಸ್ಯಾಳ. ಸಾಕು, ಇನ್ನ ನಾ ಬರೂದಿಲ್ಲ ಅನ್ನಾಕತ್ತಾಳ."

ನಾನು ನೀರು ಕುಡಿದು ತಂಬಿಗೆ ಕೆಳಗಿಟ್ಟೆ. ಮಾರುವ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ಅತ್ತೆ ಮಡಚುವ ಕುರ್ಚಿ, ಊಟದ ಡಬ್ಬಿ, ಕೊಡೆ ಹಿಡಿದು ಗ್ಯಾರೇಜಿಗೆ ಹೋಗಿ ಕೂತೇಬಿಟ್ಟಳು. ನನಗೆ ರಜೆ ಹಾಕಿಸಿ ನನ್ನನ್ನೂ ನಿಲ್ಲಿಸಿದಳು. ಶಿಷ್ಯನ ಮುಖ ಪರೀಕ್ಷೆಯ ಮುಂಜಾವಿನಂತಾಗಿತ್ತು. ಅವನ ಕಡೆ ರಿಪೇರಿಗೆ ಬಂದ ಬೇರೆ ಗಿರಾಕಿಗಳು ಕುರ್ಚಿಯಲ್ಲಿ ಕೂತ ಟೀಚರನ್ನು ನೋಡಿ ತಾವೂ ಕೈಕಟ್ಟಿ ನಿಲ್ಲುತ್ತಿದ್ದರು.

"ಟೀಚರ್, ನೀವು ಮನಿಗಿ ನಡೀರಿ, ನಾ ಮಾಡಿ ಕಳಸ್ತೀನ್ರಿ."

"ನೀ ಮಾಡಿ ಕಳಿಸಿದ್ದ ನೋಡೇನಿ. ಈಗ ಮಾಡಬ್ಯಾಡ. ಮಾಡಿದ್ದನ್ನ ತಗಿ. ಕಡೀಕ ಏನ್ ಹಚ್ಚಿದಿ, ಅದನ್ನ ಮೊದಲ ಬಿಚ್ಚು. ವಜಾಬಾಕಿ, ಕಳಿಯೂ ಲೆಕ್ಕ, ಇಷ್ಟ ಬರ್ತದೋ ಇಲ್ಲೋ?"

ಅವನು ಬಿಚ್ಚುತ್ತ ಹೋದ. ಎಂಥೆಂಥ ವಸ್ತುಗಳು ಹೊರಬಂದವು ಅಂತೀರಿ! ಬಾಗಿಲ ಕೊಂಡಿಯ ಜಾಗದಲ್ಲಿ ಬೇರಾವುದೋ ಟೆಂಪೊದ ಕೊಂಡಿ. ಹಾರ್ನಿನ ತಂತಿಗೆ ಸುತ್ತಿದ್ದು ಚಾಕೊಲೇಟಿನ ಹಾಳೆ. ನಾನು ಬಯ್ಯುವುದನ್ನೂ ಮರೆತು ನೋಡುತ್ತಿದ್ದೆ. ಬಯ್ಯುವುದಕ್ಕೂ ತ್ರಾಣ ಬೇಕಲ್ಲ? ಮಧ್ಯಾಹ್ನವಾದ ಮೇಲೆ ಅವನೂ ಸೋತ. ಸ್ಪ್ಯಾನರು ಕೆಳಗಿಟ್ಟು ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಟೀಚರ್, ಖರೇ ಹೇಳ್ತೀನ್ರಿ. ಇಂಥಾ ಹಳೇ ಗಾಡಿ ನಾ ಎಂದೂ ಬಿಚ್ಚಿಲ್ರಿ. ನಿಮ್ಮ ಮುಂದ ಬರೂದಿಲ್ಲ ಅನ್ನಾಕ ನಾಚ್ಕಿ ಬಂತ್ರಿ. ಬ್ಯಾರೇದವರ ಕಡೆ ಒಯ್ಯಿರಿ."

ಅತ್ತೆ ಬಯ್ಯುತ್ತಾಳೆಂದು ನಾನು ಕಾದೆ. ಅವಳು ಮೆಲ್ಲಗೆ ಹೇಳಿದಳು. "ಬ್ಯಾರೇದವರನ್ನ ಹುಡುಕಾಕ ಟೈಮ್ ಇಲ್ಲೋ. ಹಿಂದಿ ಬಾಯಿನ ದವಾಖಾನಿಗಿ ತರಬೇಕು."

"ಯಾರ್ರಿ? ನಮ್ಮ ಹಿಂದಿ ಬಾಯ್ಯಾರಾ?"

ಅತ್ತೆ ಎಲ್ಲ ಹೇಳಿದಳು. ಅವನು ಕೇಳುತ್ತ ಕೈಗೆ ಅಂಟಿದ ಗ್ರೀಸನ್ನು ಒರೆಸಿಕೊಳ್ಳುತ್ತಲೇ ಇದ್ದ. "ನನಗ ಕ್ಲಾಸಿನ್ಯಾಗ ಯಾರೂ ಪದ್ಯ ಓದಾಕ ಹಚ್ಚತಿದ್ದಿಲ್ರಿ, ತೊದಲ್ತೀನಿ ಅಂತ. ಬಾಯ್ಯಾರು ಒಬ್ರ ಹಚ್ಚತಿದ್ರು" ಎಂದ. ಆಮೇಲೆ ಎದ್ದ. ಬಿಚ್ಚಿಟ್ಟ ಬಾಗಿಲ ಕೊಂಡಿಯನ್ನು ಜೇಬಿಗೆ ಹಾಕಿಕೊಂಡು ಬೈಕು ಹತ್ತಿ ಹೋದ.

ಊರಿನ ಗುಜರಿ ಅಂಗಡಿಗಳನ್ನೆಲ್ಲ ಅಲೆದನಂತೆ. ಸಿಗಲಿಲ್ಲ. ಮರುದಿನವೂ ಹೋದ. ಯಾರದೋ ಹಿತ್ತಿಲಲ್ಲಿ ಕೋಳಿ ಗೂಡಾಗಿ ನಿಂತಿದ್ದ ಇದೇ ಜಾತಿಯ ಕಾರೊಂದನ್ನು ಪತ್ತೆಹಚ್ಚಿ, ಕೋಳಿಗಳನ್ನು ಓಡಿಸಿ, ಕೊಂಡಿ ಬಿಚ್ಚಿ ತಂದ. ಹಚ್ಚಿದ. ಬಾಗಿಲು ಕಟ್ಟೆಂದು ಕೂತಿತು. ನಾನು ಒದ್ದು ನೋಡಿದೆ, ತೆರೆಯಲಿಲ್ಲ. ಹಾಗೆಂದು ಕಾರು ಹೊಸದಾಯಿತು ಎಂದುಕೊಳ್ಳಬೇಡಿ. ಸೌತೆಕಾಯಿ ಬಣ್ಣ ಹಾಗೇ ಇತ್ತು. ಎಂಜಿನ್ನು ಮನಸ್ಸು ಬಂದಲ್ಲಿ ನಿಲ್ಲುತ್ತಿತ್ತು. "ಇದು ಮಾತ್ರ ನನಗ ತಿಳೀವಲ್ದರಿ ಟೀಚರ್" ಎಂದು ಅವನು ಕೈಮುಗಿದ. "ಬಾಗಲಾ ಹಿಡೀತಲ್ಲ, ಸಾಕು" ಎಂದಳು ಅತ್ತೆ.

ಅತ್ತೆ ಮತ್ತೆ ಖಾನಾಪುರದ ಓಡಾಟ ಶುರುಮಾಡಿದಳು. ಕೆಲವು ವಾರಗಳಾದ ಮೇಲೆ ನನಗೆ ಶುಕ್ರವಾರ ರಜೆ ಬಂತು. ರಜೆಯ ವಾಸನೆ ಅವಳಿಗೆ ಹೇಗೆ ಬಡಿಯುತ್ತದೋ! "ನಡಿ, ಬಾಯಿನೂ ನಿನ್ನ ಕೇಳ್ತಿರ್ತಾಳ" ಎಂದು ಕೂರಿಸಿಕೊಂಡಳು.

ಬಾಯಿ ತೀರ ಸಣ್ಣಗಾಗಿದ್ದರು. ನಾಲಿಗೆ ಮಾತ್ರ ಹಾಗೇ ಇತ್ತು. ಕಾರಿನ ಬಣ್ಣ ನೋಡಿ, "ಅಗ, ದವಾಖಾನಿಗಿ ಹೊಂಟೀನೋ ಕೋಸಂಬರಿಗಿ ಹೊಂಟೀನೋ?" ಎಂದರು. ಬಾಗಿಲಿಗೆ ದಿಂಬು ಒತ್ತಿ ಒರಗಿದರು. ನೆಹರು ನಗರದಲ್ಲಿ ಮಧ್ಯಾಹ್ನ ಮುಗಿಯುವ ತನಕ ಕಾದು, ಅವರನ್ನು ಮತ್ತೆ ಕೂರಿಸಿಕೊಂಡು ಖಾನಾಪುರಕ್ಕೆ ಹೊರಟೆವು. ಬಾಯಿ ಕಣ್ಣುಮುಚ್ಚಿದ್ದರು. ನಾನು ಹಿಂದೆ ಕೂತು ತೂಕಡಿಸುತ್ತಿದ್ದೆ.

ದೇಸೂರು ದಾಟಿದ ಮೇಲೆ ಎಂಜಿನ್ನು ಕೆಮ್ಮಿ ನಿಂತಿತು. ಇನ್ನೇನು, ನನ್ನ ಸರದಿ! ಇಳಿಯಲು ಬಾಗಿಲು ತೆರೆಯುತ್ತ ಹಿಂದೆ ನೋಡಿದೆ. ದೂರದಲ್ಲಿ ಒಂದು ಬೈಕೂ ನಿಂತಿತ್ತು. ಹಿಂದಿನ ಸೀಟಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿತ್ತು. ಸವಾರ ಮರದಡಿ ಮುಖ ಆಚೆ ಮಾಡಿ ಫೋನು ನೋಡುವವನಂತೆ ನಿಂತಿದ್ದ.

"ಅತ್ತಿ! ಅವ ನಿನ್ನ ಸ್ಟೂಡೆಂಟ್ ಅಲ್ಲೇನ?"

"ಹೊಳ್ಳಿ ನೋಡಬ್ಯಾಡ" ಎಂದಳು ಅತ್ತೆ, ಕನ್ನಡಿಯಲ್ಲಿ ಕಣ್ಣಿಟ್ಟು. "ಸುರುವಿನಿಂದ ಹಿಂಗ ಅದ. ಬಾಯಿನ ಕರಕೊಂಡ ಹೊಂಟ ದಿನ ಹಿಂದ ಬರ್ತಾನ. ಗಾಡಿ ನಾವ ಚಾಲೂ ಮಾಡಿದ್ರ ಅಲ್ಲೇ ನಿಂತಿರ್ತಾನ. ಆಗಲಿಲ್ಲಂದ್ರ, ಹಂಗ ಈ ಕಡೆ ಹೊಂಟಿದ್ನಿರೀ ಟೀಚರ್ ಅಂತ ಬಂದ ದೂಡ್ತಾನ. ನಾವು ನೋಡೇವಿ ಅಂತ ಗೊತ್ತಾದ್ರ ನಾಚ್ಕೋತಾನ."

ಬಾಯಿ ಕಣ್ಣು ತೆರೆಯದೇ ಕೇಳಿದರು. "ಅವ ಉಂಡಾನೇನ?"

"ಹೆಂಗ ಕೇಳ್ಲಿ? ನಾವು ಅವನ್ನ ನೋಡೇ ಇಲ್ಲ."

ಅತ್ತೆ ಮತ್ತೊಮ್ಮೆ ಕೀಲಿ ತಿರುಗಿಸಿದಳು. ಎಂಜಿನ್ನು ಹತ್ತಿಕೊಂಡಿತು. ಸ್ವಲ್ಪ ಮುಂದೆ ಒಂದು ಸಣ್ಣ ಸೇತುವೆಯ ಬಳಿ ತಾನೇ ನಿಲ್ಲಿಸಿ, ಇಳಿದು, ಬಟ್ಟೆ ಸುತ್ತಿದ ಡಬ್ಬಿಯೊಂದನ್ನು ಕಟ್ಟೆಯ ಮೇಲಿಟ್ಟು, ಏನೂ ಆಗದವಳಂತೆ ಬಂದು ಕೂತಳು. ಹೊರಟೆವು. ತಡೆಯಲಾರದೆ ನಾನು ತಿರುಗಿ ನೋಡಿದೆ. ಬೈಕು ಸೇತುವೆಯ ಬಳಿ ನಿಂತಿತ್ತು. ಅವನು ಕಟ್ಟೆಯ ಮೇಲೆ ಕೂತು ಬಟ್ಟೆಯ ಗಂಟು ಬಿಚ್ಚುತ್ತಿದ್ದ.

ತಿರುವು ದಾಟಿದ್ದೇ ಅತ್ತೆ ವೇಗ ಇಳಿಸಿದಳು. ಕಾರು ನಡೆಯುವವರಿಗಿಂತ ನಿಧಾನವಾಯಿತು. ಹಿಂದಿದ್ದ ಬಸ್ಸು ಹಾರ್ನ್ ಹೊಡೆಯುತ್ತ ಪಕ್ಕದಿಂದ ಹೋಯಿತು.

"ಏನಾತು? ಮತ್ತ ಕೆಟ್ಟಿತೇನ?" ನಾನು ದಣಿದ ದನಿಯಲ್ಲಿ ಕೇಳಿದೆ.

"ಏನೂ ಕೆಟ್ಟಿಲ್ಲ" ಎಂದಳು ಅತ್ತೆ. "ತಡಿ, ಅವ ಉಣ್ಣಲಿ."