ಬಸವಂತರಾಯರ ಉಕ್ಕಿನ ತೊಟ್ಟಿಲು

"ನನ್ನ ಮೊಮ್ಮಗಳು ಕಟ್ಟಿಗಿ ತೊಟ್ಟಿಲದಾಗ ಮಲಗಂಗಿಲ್ಲ! ಉಕ್ಕಿನ ತೊಟ್ಟಿಲದಾಗ ಮಲಗ್ತಾಳ! ಅದೂ ಎಂಥಾ ಉಕ್ಕು? ತುಕ್ಕು ಹಿಡೀಲಾರದ ಉಕ್ಕು! ಅಜ್ಜನ ಕೈಯಾಗ ಬೆಸುಗಿ ಆದ ಉಕ್ಕು!"

ವಾಡಿ ಜಂಕ್ಷನ್ನಿನ ಪಾರ್ಸೆಲ್ ಗುಮಾಸ್ತ ಬಸವಂತರಾಯರು ಹೀಗೆ ಘೋಷಿಸಿದಾಗ ಮೊಮ್ಮಗಳು ಹುಟ್ಟಿ ಅರ್ಧ ತಾಸೂ ಆಗಿರಲಿಲ್ಲ. ಸೂಲಗಿತ್ತಿ ಆಶಾಬಿ ಇನ್ನೂ ಕೈ ತೊಳೆದಿರಲಿಲ್ಲ. ಬಿಸಿನೀರಿನ ಕೊಡ ಹಿಡಿದು ಓಡುತ್ತಿದ್ದ ಹೆಂಡತಿ ಸೂಗಮ್ಮ ಒಂದು ಕ್ಷಣ ನಿಂತರು.

"ಮೊದಲ ಬಾಗಲ ಬಿಟ್ಟು ಸರೀರಿ. ಉಕ್ಕು ಆಮ್ಯಾಲ ಕರಗಿಸುವಿರಂತ."

ರಾಯರಿಗೆ ಬೆಸುಗೆಯ ಹುಚ್ಚು ಹಿಡಿದು ಅದಾಗಲೇ ನಾಲ್ಕು ತಿಂಗಳಾಗಿತ್ತು. ನಿಜಾಮರ ರೇಲ್ವೆ ಹೋಗಿ ಹೊಸ ಹೆಸರಿನ ರೇಲ್ವೆ ಬಂದ ಮೇಲೆ ಹಳೆಯ ರೈಲು ಡಬ್ಬಿಗಳನ್ನು ಒಂದೊಂದಾಗಿ ಒಡೆಯುತ್ತಿದ್ದರು. ಯಾವುದೋ ಕಾಲದಲ್ಲಿ ದೊಡ್ಡ ಸಾಹೇಬರು ತಿರುಗಾಡಿದ ಡಬ್ಬಿಯೊಂದರ ಹೊಳೆಯುವ ಉಕ್ಕಿನ ಕೊಳವೆಗಳು ಗುಜರಿಗೆ ಬಿದ್ದು, ಗುಜರಿಯಿಂದ ರಾಯರ ಹಿತ್ತಲಿಗೆ ಬಂದಿದ್ದವು. ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು! ರಾಯರು ದಿನಾ ನೋಡಿಕೊಳ್ಳುತ್ತಲೂ ಇದ್ದರು. ನೋಡಿಕೊಳ್ಳುತ್ತಾ ನೋಡಿಕೊಳ್ಳುತ್ತಾ, ಇವನ್ನು ಕೂಡಿಸಿ ಏನಾದರೂ ಮಾಡುವ ಯೋಗ ತನ್ನ ಹಣೆಯಲ್ಲೇ ಬರೆದಿದೆ ಎಂದು ಅವರಿಗೆ ಹೊಳೆದುಬಿಟ್ಟಿತು.

ಸ್ಟೇಷನ್ನಿನ ಹಿಂದೆ, ತಗಡಿನ ಛಪ್ಪರದ ಕೆಳಗೆ ಗುಲಾಮ ದಸ್ತಗೀರ ಎಂಬವನು ಗ್ಯಾಸ್ ಬೆಸುಗೆಯ ಅಂಗಡಿ ಇಟ್ಟಿದ್ದ. ರಾಯರು ಪ್ರತಿ ಐತವಾರ ಧೋತರ ಎತ್ತಿ ಕಟ್ಟಿ, ಕರಿ ಕನ್ನಡಕ ಏರಿಸಿ ಅವನ ಶಿಷ್ಯರಾದರು.

"ಈ ಮಾಲು ಭಾಳ ನಖರಾ ಮಾಡ್ತದ್ರಿ ರಾಯರ," ಎಂದು ದಸ್ತಗೀರ ಮೊದಲ ದಿನವೇ ಎಚ್ಚರಿಸಿದ. "ಸಾದಾ ಕಬ್ಬಿಣ ಎಮ್ಮಿ ಇದ್ದಂಗ. ಹ್ಯಾಂಗ ಹೊಡದ್ರೂ ಹೋಗ್ತದ. ಇದು ಅರಬ್ಬಿ ಕುದರಿ! ಬೆಂಕಿ ಕಮ್ಮಿ ಆದ್ರ ಕೂಡಂಗಿಲ್ಲ. ಜಾಸ್ತಿ ಆದ್ರ ತೂತು!"

ರಾಯರು ತೂತಿನಿಂದಲೇ ವಿದ್ಯಾರಂಭ ಮಾಡಿದರು. ಮೊದಲ ಐತವಾರ ಒಂದೇ ಕೊಳವೆಗೆ ಆರು ತೂತು ಬಿದ್ದವು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ಬಂದಾಗ ಸೂಗಮ್ಮ ಅಡಿಗೆಮನೆಯಿಂದ ಇಣುಕಿದರು.

"ಕೊಳಲು ಮಾಡೀರೇನ್ರಿ?"

"ಏ, ಇದು ಅಭ್ಯಾಸ!"

"ಹಂಗಾದ್ರ ಊದ್ರಲ್ಲ, ಕೇಳಮು."

ಎರಡನೆಯ ತಿಂಗಳಿಗೆ ರಾಯರ ಎಡ ಹುಬ್ಬು ಸುಟ್ಟುಹೋಯಿತು. ಬಲ ಹುಬ್ಬು ಒಂಟಿಯಾಗಿ ಉಳಿದು, ಪಾರ್ಸೆಲ್ ಆಫೀಸಿಗೆ ಬಂದವರನ್ನೆಲ್ಲ ಸಂಶಯದಿಂದ ನೋಡುವಂತೆ ಕಾಣತೊಡಗಿತು. ಧೋತರಗಳಿಗೆ ಕಿಡಿ ಬಿದ್ದು, ಬಿಸಿಲಿಗೆ ಹಿಡಿದರೆ ಆಕಾಶದ ನಕ್ಷತ್ರಗಳೆಲ್ಲ ಕಾಣುತ್ತಿದ್ದವು. ಆದರೂ ಛಲ ಬಿಡಲಿಲ್ಲ! ಮೂರನೆಯ ತಿಂಗಳು ಒಂದು ಐತವಾರ ಎರಡು ಕೊಳವೆಗಳ ಅಂಚು ಕರಗಿ, ಒಂದರೊಳಗೊಂದು ಇಳಿದು, ನುಣ್ಣಗೆ ಹೆಣೆದ ಜಡೆಯಂತೆ ಕೂಡಿಕೊಂಡವು. ದಸ್ತಗೀರ ಸುತ್ತಿಗೆಯಿಂದ ಬಾರಿಸಿದ. ಬಿಡಲಿಲ್ಲ. ಕಾಲಿಟ್ಟು ಮಣಿಸಿದ. ಕೊಳವೆ ಬಾಗಿತು, ಬೆಸೆದ ಜೋಡು ಬಿಡಲಿಲ್ಲ!

"ಶಾಭಾಸ್! ಇದು ಪಕ್ಕಾ!" ಎಂದ.

ರಾಯರ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಬಂದ ನೀರಲ್ಲ, ಖರೇ ನೀರು. ಮನೆಗೆ ಓಡಿ ಸೂಗಮ್ಮನಿಗೆ ತೋರಿಸಿದರು. ಬಲಮನೆಗೆ ತೋರಿಸಿದರು, ಎಡಮನೆಗೆ ತೋರಿಸಿದರು. ಪಾರ್ಸೆಲ್ ಬಿಡಿಸಿಕೊಳ್ಳಲು ಬಂದ ಚಿತ್ತಾಪುರದ ವ್ಯಾಪಾರಿಗೆ ಮೊದಲು ಜೋಡು ತೋರಿಸಿ, ಆಮೇಲೆ ಪಾರ್ಸೆಲ್ ತೋರಿಸಿದರು.

ಇಂಥ ಉತ್ಸಾಹದ ನಡುವೆ ಮಗಳು ಗುರುದೇವಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಹೆತ್ತಿದ್ದಳು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಸೇಡಂದಿಂದ ಬೀಗರು ಬರುವವರಿದ್ದರು.

ತೊಟ್ಟಿಲಿನ ನಕ್ಷೆಯನ್ನು ರಾಯರು ಆಫೀಸಿನ ರಸೀದಿಯ ಹಿಂದೆಯೇ ಬರೆದರು. ಎರಡು ಕಡೆ ಕಾಲುಗಳು, ಮೇಲೆ ಅಡ್ಡ ಒಂದು ಕೊಳವೆ, ಅದರಿಂದ ಸರಪಳಿಯಲ್ಲಿ ತೂಗುವ ಬೆತ್ತದ ಬುಟ್ಟಿ. ಒಟ್ಟು ಎಂಟು ಜೋಡು. ಆರು ಜೋಡು ಒಂದಕ್ಕಿಂತ ಒಂದು ಚಂದ ಕೂಡಿದವು. ಪ್ರತಿಯೊಂದಾದಾಗಲೂ ಸೂಗಮ್ಮನನ್ನು ದಸ್ತಗೀರನ ಛಪ್ಪರಕ್ಕೇ ಕರೆಸಿ ತೋರಿಸಿದರು. ಉಳಿದವು ಎರಡೇ, ಅಡ್ಡ ಕೊಳವೆಯ ಎರಡು ತುದಿಗಳು. ಇಡೀ ತೊಟ್ಟಿಲಿನ ಭಾರ ಹೊರಬೇಕಾದವೂ ಅವೇ!

ಹನ್ನೆರಡನೆಯ ದಿನ ಮಧ್ಯಾಹ್ನ ಅವನ್ನು ಹಚ್ಚಲು ಕುಳಿತರು. ಗ್ಯಾಸು ತಳಕ್ಕೆ ಬಂದಿತ್ತು. ಉರಿ ಸೊರಗಿತ್ತು. ರಾಯರ ಮನಸ್ಸು ಮಾತ್ರ ಆಗಲೇ ಬೀಗರ ಮುಂದೆ ನಿಂತಿತ್ತು. ಸರಸರನೆ ಎರಡೂ ಮುಗಿಸಿಬಿಟ್ಟರು. ದಸ್ತಗೀರ ಬಗ್ಗಿ ಕೆಳಗಿನಿಂದ ನೋಡಿದ. ಮುಖ ಗಂಟಿಕ್ಕಿದ.

"ರಾಯರ, ಇವೆರಡೂ ಕಚ್ಚಾ ಅವ. ಮ್ಯಾಲ ಅಂಟ್ಯಾವ, ಒಳಗ ಕೂಡಿಲ್ಲ. ಕೊಯ್ದು ತೆಗದು ಮತ್ತ ಹಚ್ಚಬೇಕು."

"ಈಗs ಹಚ್ಚಮು!"

"ಗ್ಯಾಸ್ ಎಲ್ಲ್ಯದ? ಶಹಾಬಾದದಿಂದ ನಾಡದು ಬರ್ತದ."

"ಏ ದಸ್ತಗೀರ, ನಾಳಿ ಕಾರ್ಯ ಅದಪಾ!"

"ನಾಳಿ ಯಾರದಾದ್ರೂ ಕಟ್ಟಿಗಿ ತೊಟ್ಟಿಲ ತಂದು ಹಾಕ್ರಿ. ಇದರಾಗ ಮಾತ್ರ ಕೂಸಿಗಿ ಹಾಕಬ್ಯಾಡ್ರಿ. ನಿಮ್ಮ ಕೈ ಮುಗೀತೀನಿ."

"ಆಯ್ತಾಯ್ತು, ಸುಮ್ಮ ಮನ್ಯಾಗ ತೋರಿಸ್ತೀನಿ," ಎಂದು ರಾಯರು ತೊಟ್ಟಿಲನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ಮನೆಗೆ ಬಂದರು. ಬಂದು ಮಾಡಿದ್ದೇನು? ಉಕ್ಕು ಉಜ್ಜುವ ಕಾನಸು ಹಿಡಿದು ಆ ಎರಡು ಜೋಡುಗಳನ್ನು ನುಣ್ಣಗೆ ತಿಕ್ಕಿದರು. ಮೇಲೆ ಬೆಳ್ಳಿ ಬಣ್ಣ ಬಳಿದರು. ಒಂದು ಸಲ ಅಲ್ಲ, ಮೂರು ಸಲ! ಬಣ್ಣ ಒಣಗಿದ ಮೇಲೆ ಅಡ್ಡ ಕೊಳವೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು. ತಡೆಯಿತು. ಮೂರನೆಯ ಬೆರಳು ಹಚ್ಚಲು ಧೈರ್ಯ ಸಾಲಲಿಲ್ಲ. ಸೂಗಮ್ಮ ನೋಡಲು ಬಂದಾಗ, ಆ ಕಡೆಯ ತುದಿಗೆ ಹೋದರೆ ಆ ಕಡೆ, ಈ ಕಡೆಯ ತುದಿಗೆ ಬಂದರೆ ಈ ಕಡೆ ರಾಯರು ತಾವೇ ಅಡ್ಡ ನಿಂತರು.

"ಕೂಸು ಎಷ್ಟು ವಜ್ಜ ಇದ್ದೀತು?" ಎಂದು ತಮಗೆ ತಾವೇ ಹೇಳಿಕೊಂಡರು. "ಹೂವಿನಂಥಾ ಕೂಸು! ಒಂದು ತಾಸು ತೂಗಿ ಆಮ್ಯಾಲ ಎತ್ತಿಬಿಡಮು." ಹೀಗೆಂದು ಮಲಗಿದರೂ ನಿದ್ದೆ ಬರಲಿಲ್ಲ.

ಮರುದಿನ ಸೇಡಂ ಗಾಡಿಯಿಂದ ಬೀಗ ಖಂಡೆಪ್ಪನವರೂ ಬೀಗತಿ ಮಹಾದೇವಮ್ಮನವರೂ ಇಳಿದರು. ಪಡಸಾಲೆಯಲ್ಲಿ ಝಗಝಗಿಸುತ್ತಿದ್ದ ತೊಟ್ಟಿಲು ನೋಡಿ ಖಂಡೆಪ್ಪನವರು ರುಮಾಲು ಸರಿಸಿಕೊಂಡರು.

"ಏನ್ರಿ ಬೀಗರ, ಹೈದರಾಬಾದದಿಂದ ತರ್ಸಿದ್ರೇನು?"

"ಹೈದರಾಬಾದ? ಇದು ಈ ಕೈ ಮಾಡಿದ್ದು!" ರಾಯರು ಎರಡೂ ಕೈ ಚಾಚಿ ತೋರಿಸಿದರು. ನಿನ್ನೆಯ ಬೆಳ್ಳಿ ಬಣ್ಣ ಉಗುರಿನಲ್ಲಿ ಉಳಿದಿತ್ತು. ಲಗುಬಗೆಯಿಂದ ಮಡಚಿಕೊಂಡರು.

ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುವುದು ಆ ಕಡೆಯ ಪದ್ಧತಿ. ಎಲ್ಲ ಮನೆಗಳಲ್ಲೂ ಅದಕ್ಕೆ ಅಂಗೈಯಗಲದ ಸಣ್ಣ ಗುಂಡು ಇರುತ್ತದೆ. ಆದರೆ ಸೂಗಮ್ಮ ಹಿತ್ತಲಿನಿಂದ ಖಾರ ಕುಟ್ಟುವ ಒರಳಿನ ಗುಂಡನ್ನೇ ತರಿಸಿದರು! ಇಬ್ಬರು ಹೆಂಗಸರು ಉಸ್ಸೆನ್ನುತ್ತ ಹೊತ್ತು ತಂದರು. ಅದಕ್ಕೆ ಕುಂಕುಮ ಹಚ್ಚಿ, ಕೂಸಿನ ಕುಲಾಯಿ ತೊಡಿಸಿದ ಮೇಲೆ ಗುಂಡು ಥೇಟು ಪೊಲೀಸ್ ಪಟೇಲರಂತೆ ಕಂಡಿತು. ರಾಯರು ತಟ್ಟನೆ ಮುಂದೆ ಬಂದರು.

"ಅಷ್ಟು ದೊಡ್ಡದು ಯಾಕಬೇ?"

"ಯಾಕ್ರಿ?" ಸೂಗಮ್ಮ ನೇರ ಅವರ ಮುಖ ನೋಡಿದರು. "ತಡಿಯಂಗಿಲ್ಲೇನು?"

ಪಡಸಾಲೆ ತುಂಬ ಕುಳಿತವರೆಲ್ಲ ರಾಯರತ್ತ ತಿರುಗಿದರು. ಖಂಡೆಪ್ಪನವರು ತಿರುಗಿದರು. ಕೂಸನ್ನು ಮಡಿಲಲ್ಲಿ ಹಿಡಿದ ಗುರುದೇವಿ ತಿರುಗಿದಳು. ಹೇಳಲು ಇದೇ ಸಮಯವಾಗಿತ್ತು. ಒಂದೇ ಮಾತು ಸಾಕಿತ್ತು. ರಾಯರು ಬಾಯಿ ತೆರೆದರು. ಆ ಬಾಯಿಂದ ಬಂದದ್ದೇನು?

"ತಡಿಯಂಗಿಲ್ಲ? ಆನಿ ತಂದು ಹಾಕ್ರಿ!"

ಹೆಂಗಸರು ಗುಂಡನ್ನು ಬುಟ್ಟಿಯಲ್ಲಿ ಮಲಗಿಸಿದರು. ಜೋಗುಳ ಎತ್ತಿದರು. ಒಂದು ತೂಗು. ಎರಡು ತೂಗು. ಮೂರನೆಯ ತೂಗಿಗೆ 'ಟಣ್' ಎಂದಿತು. ಜೋಗುಳ ನಿಂತಿತು. ಒಂದು ತುದಿ ಕಳಚಿತು. ಅಡ್ಡ ಕೊಳವೆ ವಾರೆಯಾಗಿ, ಇನ್ನೊಂದು ತುದಿಯೂ ಕಿತ್ತು, ಗುಂಡು ಧಡಾರನೆ ನೆಲಕ್ಕೆ ಬಿದ್ದು ಶಹಾಬಾದಿ ಪರಸಿಕಲ್ಲನ್ನು ಎರಡು ಹೋಳು ಮಾಡಿತು! ಕೊಳವೆ ಠಣಠಣ ಉರುಳಿ, ಹಂಚಲು ಇಟ್ಟಿದ್ದ ಗುಗ್ಗರಿಯ ಬೋಗುಣಿಗೆ ಬಡಿದು, ಗುಗ್ಗರಿಯೆಲ್ಲ ಖಂಡೆಪ್ಪನವರ ರುಮಾಲಿನ ಮೇಲೆ ಮಳೆಗರೆಯಿತು.

ಯಾರೂ ನಗಲಿಲ್ಲ. ಕುಲಾಯಿ ತೊಟ್ಟ ಗುಂಡು ಮಗ್ಗುಲಾಗಿ ಬಿದ್ದಿತ್ತು. ಎಲ್ಲರೂ ಅದನ್ನು ನೋಡಿದರು. ಆಮೇಲೆ ಕೂಸನ್ನು ನೋಡಿದರು. ಗುರುದೇವಿ ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿಬಿಟ್ಟಳು.

ಮೊದಲು ಚೇತರಿಸಿಕೊಂಡವರು ಮಹಾದೇವಮ್ಮ. "ಧೋತರ ತರ್ರಿ, ತೊಲಿಗೆ ಜೋಳಿಗಿ ಕಟ್ಟಮು," ಎಂದರು. ತಂದ ಧೋತರಕ್ಕೂ ಕಿಡಿಯ ತೂತುಗಳಿದ್ದವು! ಕೊನೆಗೆ ಸೂಗಮ್ಮನ ಸೀರೆಯಲ್ಲೇ ಜೋಳಿಗೆ ಕಟ್ಟಿ, ಕೂಸಿನ ಕಿವಿಯಲ್ಲಿ ಹೆಸರು ಕೂಗಿದ್ದಾಯಿತು.

ರಾಯರು ಪಡಸಾಲೆಯ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಖಂಡೆಪ್ಪನವರು ಪಕ್ಕಕ್ಕೆ ಬಂದು, ಕಿವಿಯ ಹಿಂದೆ ಸಿಕ್ಕಿದ್ದ ಒಂದು ಕಾಳು ತೆಗೆಯುತ್ತ ಮೆತ್ತಗೆ ಅಂದರು: "ಬೇಜಾರ ಮಾಡ್ಕೋಬ್ಯಾಡ್ರಿ ಬೀಗರ. ನಿಮ್ಮದೇನ ತಪ್ಪು? ಗುಂಡು ಭಾಳ ವಜ್ಜ ಇತ್ತು. ಕೂಸಿಗಾದ್ರ ತಡೀತಿತ್ತು."

ಎಂಥ ಒಳ್ಳೆಯ ನೆಪ! ಹೌದೆಂದರೆ ಮುಗಿಯುತ್ತಿತ್ತು. ಹೌದೆನ್ನಲು ರಾಯರು ತಲೆ ಎತ್ತಿದರು. ಎದುರಿಗೆ ಜೋಳಿಗೆಯಿಂದ ಬೊಟ್ಟಿನಷ್ಟು ಉದ್ದದ ಕಾಲೊಂದು ಹೊರಗೆ ಇಣುಕಿ ಒದ್ದಾಡುತ್ತಿತ್ತು. ರಾಯರು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟರು.

"ಗುಂಡಿಂದು ತಪ್ಪಲ್ರಿ. ಆ ಎರಡು ಜೋಡು ಕಚ್ಚಾ ಅವ ಅಂತ ದಸ್ತಗೀರ ನಿನ್ನೇನs ಹೇಳಿದ್ದ. ಕೂಸಿಗಿ ಹಾಕಬ್ಯಾಡ್ರಿ ಅಂತ ಕೈ ಮುಗದಿದ್ದ. ನಾ ಬಣ್ಣ ಬಳದು ಮುಚ್ಚಿದೆ. ಈಗೂ ಹೇಳಬಹುದಿತ್ತು, ಹೇಳಲಿಲ್ಲ. ನಿಮ್ಮ ಮುಂದ ಮರ್ಯಾದಿ ಹೋಗ್ತದಂತ ಸುಮ್ಮನಿದ್ದೆ."

ಖಂಡೆಪ್ಪನವರ ಕೈಯಲ್ಲಿನ ಕಾಳು ಕೈಯಲ್ಲೇ ಉಳಿಯಿತು. ಗುರುದೇವಿ ಅಪ್ಪನನ್ನು ನೋಡಲಿಲ್ಲ; ಜೋಳಿಗೆಯ ಮೇಲೆ ಕೈ ಇಟ್ಟಳು, ಅಷ್ಟೆ. ಸೇಡಂ, ವಾಡಿ ಎರಡೂ ಊರಿನವರು ಒಟ್ಟಾಗಿ ಬೈದಿದ್ದರೂ ರಾಯರಿಗೆ ಅಷ್ಟು ನೋಯುತ್ತಿರಲಿಲ್ಲ.

ನೆಲದ ಗುಗ್ಗರಿ ಬಳಿಯುತ್ತಿದ್ದ ಸೂಗಮ್ಮ ತಲೆ ಎತ್ತದೆಯೇ ಅಂದರು: "ನನಗ ಗೊತ್ತಿತ್ತು."

"ಆಂ? ನಿನಗ ಹ್ಯಾಂಗ ಗೊತ್ತು?"

"ಆರು ಜೋಡು ಕರ್ದು ಕರ್ದು ತೋರ್ಸಿದ್ರಿ. ಎರಡರ ಮುಂದ ನೀವೇ ಅಡ್ಡ ನಿಂತ್ರಿ. ಇಷ್ಟೂ ತಿಳೀಲಾರದಂಗ ಮೂವತ್ತು ವರ್ಷ ನಿಮ್ಮ ಕೂಡ ಸಂಸಾರ ಮಾಡೀನೇನು? ಅದಕ್ಕs ಖಾರದ ಗುಂಡು ತರ್ಸಿದೆ."

"ಅಲ್ಲಬೇ, ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇನು?"

ಸೂಗಮ್ಮ ಗುಗ್ಗರಿಯ ಬೋಗುಣಿ ಸೊಂಟಕ್ಕೇರಿಸಿಕೊಂಡು ಎದ್ದರು.

"ನಾ ಹೇಳಿದ್ದು ನೀವು ಯಾವಾಗ ಕೇಳೀರಿ? ಧಡಲ್ ಅಂದ್ರನs ನಿಮಗ ಕೇಳಸ್ತದ!"